ಪೀಟರ್ ಫಾಲ್ಕ್ ಬದುಕನ್ನು ಸಂಘದ ಸಭೆಯಲ್ಲಿ ಹೇಳುವುದು ಹೇಗೆ

ಮುಂಬೈಯ ಕನ್ನಡ ಸಂಘಗಳಲ್ಲಿ ತಿಂಗಳ ಕಾರ್ಯಕ್ರಮ ಅಂದರೆ ಒಂದು ಪುಸ್ತಕ ಬಿಡುಗಡೆ, ಒಂದು ಸನ್ಮಾನ, ಇಲ್ಲವೇ ಒಂದು ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಪ್ರಸಂಗ. ನಮ್ಮಲ್ಲಿ ಎರಡು ವರ್ಷದಿಂದ ಇನ್ನೊಂದು ಸೇರಿಕೊಂಡಿದೆ. ಒಬ್ಬ ನಟ, ಒಂದೂವರೆ ಗಂಟೆ. ಸದಸ್ಯರಲ್ಲಿ ಯಾರಾದರೂ ಒಬ್ಬರು ಒಬ್ಬ ನಟನ ಕೆಲಸವನ್ನು ಸರಿಯಾಗಿ ನೋಡಿ, ಬದುಕನ್ನು ಓದಿಕೊಂಡು ಬಂದು ಎಲ್ಲರ ಮುಂದೆ ಹೇಳಬೇಕು. ನಾನು ಅಮೆರಿಕದ ಪೀಟರ್ ಫಾಲ್ಕ್ ಅವರನ್ನು ಆರಿಸಿಕೊಂಡೆ. ಟೀವಿಯಲ್ಲಿ ಕೊಲಂಬೊ ಎಂಬ ಪತ್ತೇದಾರನ ಪಾತ್ರ ಮಾಡಿದರಲ್ಲ, ಅವರೇ. ಎರಡು ಸಲ ಹೇಳಿದೆ, ಎರಡು ಬೇರೆ ಬೇರೆ ಕಡೆ. ಮೊದಲನೆಯದು ಕೆಟ್ಟುಹೋಯಿತು. ಎರಡನೆಯದು ಚೆನ್ನಾಗಿ ಬಂತು. ನಿಮ್ಮ ಸಂಘದಲ್ಲೂ ಇಂಥದ್ದು ಮಾಡಬೇಕು ಅಂತಿದ್ದರೆ ಈ ಬರಹ ನಿಮಗೆ ಉಪಯೋಗಕ್ಕೆ ಬರಬಹುದು. ನಟ ಬೇರೆ ಯಾರಾದರೂ ಆಗಲಿ, ತಯಾರಿ ಇದೇ ತರಹ.

ಮೊದಲ ಸಲ ಏನು ತಪ್ಪಾಯಿತು ಎಂದು ಹೇಳಿಬಿಡುತ್ತೇನೆ. 1927ರ ಸೆಪ್ಟೆಂಬರ್ 16ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದರು ಎಂದು ಶುರು ಮಾಡಿ, ಎಲ್ಲಿ ಓದಿದರು, ಯಾವ ವರ್ಷ ಯಾವ ಪ್ರಶಸ್ತಿ ಎಂದು ಒಂದೊಂದೇ ಓದಿದೆ. ಐದು ಎಮ್ಮಿ (ಅಮೆರಿಕದ ಟೀವಿ ಪ್ರಶಸ್ತಿ) ಎಂದಾಗ ಚಪ್ಪಾಳೆ ತಟ್ಟಿದರು, ಆದರೆ ಆ ಮನುಷ್ಯ ಯಾರಿಗೂ ಕಾಣಿಸಲಿಲ್ಲ. ನೋಡಿಲ್ಲದ ನಟನ ಹುಟ್ಟಿದ ದಿನ ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಜನರಿಗೆ ಮೊದಲು ಆತನ ಕೆಲಸ ಕಾಣಿಸಬೇಕು, ಕೆಲಸದ ಮೇಲೆ ಪ್ರೀತಿ ಹುಟ್ಟಬೇಕು, ಆಮೇಲೆ ಅವರೇ ಕೇಳುತ್ತಾರೆ, ಈ ಮನುಷ್ಯ ಎಲ್ಲಿಂದ ಬಂದ ಅಂತ. ಹುಟ್ಟಿದ ದಿನ ಆಗ ಹೇಳಿ.

ಹಾಗಾಗಿ ಓದುವ ಮೊದಲು ನೋಡಿ. ಐದು ಭಾನುವಾರ ಸಾಕು. ನಾನು ನೋಡಿದ ಕ್ರಮ ಹೀಗಿತ್ತು. ಮೊದಲು 1971ರ 'ಮರ್ಡರ್ ಬೈ ದ ಬುಕ್', ಅಂದರೆ ಕೊಲಂಬೊ ಸರಣಿ ಪ್ರತಿ ಸೀಸನ್ ಬರಲು ಶುರುವಾದಾಗಿನ ಮೊದಲ ಕಂತು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್, ಆಗಿನ್ನೂ 24ರ ಹುಡುಗ. ಎರಡನೇ ವಾರ ಅದೇ ಸರಣಿಯ 1973ರ ಕಂತು 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್'. ಮೂರನೇ ವಾರ ಟೀವಿ ಬಿಟ್ಟು ಸಿನಿಮಾಕ್ಕೆ ಬನ್ನಿ: ಜಾನ್ ಕಸಾವೆಟಿಸ್ ಅವರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್', 1974. ಇದು ಎರಡೂವರೆ ಗಂಟೆಯ ಹತ್ತಿರ ಇದೆ, ಮನಸ್ಸಿಗೆ ಭಾರ, ರಾತ್ರಿ ಊಟ ಆದಮೇಲೆ ಹಾಕಬೇಡಿ. ನಾಲ್ಕನೆಯದು ವಿಮ್ ವೆಂಡರ್ಸ್ ಬರ್ಲಿನ್‌ನಲ್ಲಿ ಮಾಡಿದ 'ವಿಂಗ್ಸ್ ಆಫ್ ಡಿಸೈರ್', 1987. ಕೊನೆಗೆ ಹಿಂದಕ್ಕೆ ಹೋಗಿ 1960ರ 'ಮರ್ಡರ್, ಇಂಕ್.' ನೋಡಿ. ಫಾಲ್ಕ್ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದ ಚಿತ್ರ ಅದು. ಅಲ್ಲಿ ಅವರು ಕೊಲೆಗಾರ. ನಾಲ್ಕು ವಾರ ಆ ಮೆತ್ತಗಿನ ಪತ್ತೇದಾರನನ್ನೂ ಸಂಸಾರಸ್ಥನನ್ನೂ ನೋಡಿದ ಮೇಲೆ ಅದೇ ಮುಖದಲ್ಲಿ ಆ ಕ್ರೌರ್ಯ ನೋಡಿದರೆ ನಿಜವಾಗಿಯೂ ಮೈ ಜುಮ್ಮೆನ್ನುತ್ತದೆ. ಅದಕ್ಕೇ ಅದನ್ನು ಕೊನೆಗೆ ಇಟ್ಟದ್ದು.

ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕತೆ ಬರೆಯಬೇಡಿ, ಕತೆ ಎಲ್ಲಿ ಬೇಕಾದರೂ ಸಿಗುತ್ತದೆ. ಕೈ ಏನು ಮಾಡುತ್ತಿದೆ, ಎದುರಿನವರು ಮಾತಾಡುವಾಗ ಈತ ಎಲ್ಲಿ ನೋಡುತ್ತಾನೆ, ಬಾಗಿಲ ಹತ್ತಿರ ಹೋದಾಗ ಹೆಜ್ಜೆ ಹೇಗೆ ನಿಧಾನ ಆಗುತ್ತದೆ, ಇಷ್ಟು ಬರೆದುಕೊಳ್ಳಿ. ಪ್ರತಿ ಚಿತ್ರದಲ್ಲೂ ಒಂದು ಹತ್ತು ನಿಮಿಷ ಧ್ವನಿ ಬಂದ್ ಮಾಡಿ ನೋಡಿ. ನನಗೆ ಹೆಚ್ಚು ಕಲಿಸಿದ್ದು ಈ ಹತ್ತು ನಿಮಿಷ. ಕೊಲಂಬೊ ಜೇಬು ತಡಕಾಡುತ್ತಾನೆ, ಪೆನ್ಸಿಲ್ ಸಿಗುವುದಿಲ್ಲ, ಸಾಲ ಕೇಳುತ್ತಾನೆ, ಹಣೆ ಉಜ್ಜಿಕೊಳ್ಳುತ್ತಾನೆ. ಎದುರು ಕೂತ ದೊಡ್ಡ ಮನುಷ್ಯ ಆ ತಡಕಾಟ ನೋಡುತ್ತಾ ಸಮಾಧಾನದಿಂದ ಕುರ್ಚಿಗೆ ಒರಗುತ್ತಾನೆ. ಅವನು ಒರಗಿದ್ದೇ ತಡ, ಪ್ರಶ್ನೆ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನರಿಗೆ ಕೊಲಂಬೊವನ್ನು ಅರ್ಥ ಮಾಡಿಸಲು ಅತ್ತ ಇತ್ತ ಹೋಗಬೇಕಾಗಿಲ್ಲ. ತಾಳಮದ್ದಳೆ ಎಂದರೆ ಸಾಕು.

ಯೋಚನೆ ಮಾಡಿ. ಸಾಮಾನ್ಯ ಪತ್ತೇದಾರಿ ಕತೆಯಲ್ಲಿ ಕೊಲೆ ಮಾಡಿದ್ದು ಯಾರು ಎಂದು ಕೊನೆಗೆ ಗೊತ್ತಾಗುತ್ತದೆ. ಕೊಲಂಬೊ ಸರಣಿಯಲ್ಲಿ ಕೊಲೆ ಮೊದಲೇ ಕಣ್ಣೆದುರು ಆಗಿಬಿಡುತ್ತದೆ, ಯಾರು ಮಾಡಿದರು, ಹೇಗೆ ಮಾಡಿದರು, ಎಲ್ಲಾ ತೋರಿಸಿಬಿಡುತ್ತಾರೆ. ಪತ್ತೇದಾರ ಆಮೇಲೆ ಬರುತ್ತಾನೆ. ಹಾಗಾದರೆ ನೋಡುವುದಕ್ಕೆ ಏನು ಉಳಿಯಿತು? ಮಾತು ಉಳಿಯಿತು. ಇಬ್ಬರ ನಡುವಿನ ವಾದ. ಕೃಷ್ಣ ಸಂಧಾನ ಪ್ರಸಂಗ ಕೇಳಲು ಕೂತವರಿಗೆ ಕೌರವ ಒಪ್ಪುವುದಿಲ್ಲ ಎಂದು ಗೊತ್ತಿಲ್ಲವೇ? ವಾಲಿ ಸಾಯುತ್ತಾನೆ ಎಂದು ಗೊತ್ತಿಲ್ಲವೇ? ಎಲ್ಲಾ ಗೊತ್ತಿದ್ದೇ ರಾತ್ರಿಯಿಡೀ ಕೂರುತ್ತಾರೆ, ಯಾಕೆಂದರೆ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಅರ್ಥ ಹೇಳಲು, ಅಂದರೆ ಪಾತ್ರವಾಗಿ ಮಾತಾಡಲು, ಕೂತರೆ ಈ ಸಲ ವಾಲಿ ರಾಮನನ್ನು ಯಾವ ಪ್ರಶ್ನೆಯಿಂದ ಹಿಡಿಯುತ್ತಾನೆ ಎನ್ನುವುದೇ ಕುತೂಹಲ. ವೇಷ ಇಲ್ಲ, ಕುಣಿತ ಇಲ್ಲ, ಮಾತಿನಿಂದ ಮಾತು ಹುಟ್ಟಬೇಕು. ಕೊಲಂಬೊದಲ್ಲೂ ಹಾಗೇ. ಮೊದಲ ಕೊಲೆ ಆದಮೇಲೆ ಗುಂಡು ಹಾರುವುದು ಅಪರೂಪ, ಓಡಾಟ ಇಲ್ಲ. ಒಂದು ಕೋಣೆ, ಇಬ್ಬರು, ಒಬ್ಬ ಅಹಂಕಾರದಿಂದ ಮಾತಾಡುತ್ತಾನೆ, ಇನ್ನೊಬ್ಬ ಕೈಮುಗಿದು ಮಾತಾಡುತ್ತಲೇ ಅವನ ಮಾತಿನಲ್ಲೇ ಅವನನ್ನು ಕಟ್ಟಿಹಾಕುತ್ತಾನೆ.

ನಾನು ಈ ಹೋಲಿಕೆ ಹೇಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, ನಲವತ್ತು ವರ್ಷ ಫೋರ್ಟ್‌ನ ಹೋಟೆಲಿನಲ್ಲಿ ದುಡಿದವರು, "ಹಾಗಾದ್ರೆ ಇವ ಎದುರಾಳಿಗೆ ಪೀಠಿಕೆ ಹಾಕ್ಲಿಕ್ಕೆ ಬಿಟ್ಟು ಆಮೇಲೆ ಹಿಡಿಯುವ ಅರ್ಥಧಾರಿ, ಅಲ್ವಾ ಮಾರಾಯ್ರೆ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಿಮ್ಮ ಸಭೆಯಲ್ಲಿ ಕರಾವಳಿಯವರು ಕಡಿಮೆ, ಧಾರವಾಡ ಕಲಬುರಗಿ ಕಡೆಯವರು ಜಾಸ್ತಿ ಇದ್ದರೆ ಹಾಡಿನಲ್ಲೇ ವಾದ ಮಾಡುವ ಹರದೇಶಿ ನಾಗೇಶಿ ಸವಾಲ್ ಜವಾಬ್ ನೆನಪಿಸಿ. ಪ್ರೇಕ್ಷಕರು ಯಾರು ಎಂದು ಮೊದಲೇ ತಿಳಿದುಕೊಂಡು ಹೋಲಿಕೆ ಆರಿಸಬೇಕು.

ಇಷ್ಟಾದ ಮೇಲೆ ಬದುಕಿಗೆ ಬನ್ನಿ. ಎಲ್ಲವನ್ನೂ ಹೇಳಬೇಡಿ. ಫಾಲ್ಕ್ ಅವರ ಬದುಕಿನಲ್ಲಿ ಮುಂಬೈ ಕನ್ನಡಿಗರ ಎದೆಗೆ ಸೀದಾ ತಾಗುವ ಭಾಗ ಒಂದಿದೆ, ಅದರ ಮೇಲೆ ಇಪ್ಪತ್ತು ನಿಮಿಷ ಕೊಡಿ. ಅದು ಅವರ ನೌಕರಿಯ ಕಾಲ.

ಮೂರು ವರ್ಷದ ಮಗುವಾಗಿದ್ದಾಗ ಗೆಡ್ಡೆಯ ಕಾಯಿಲೆಯಿಂದ ಅವರ ಬಲಗಣ್ಣು ತೆಗೆಯಬೇಕಾಯಿತು. ಜೀವನಪೂರ್ತಿ ಗಾಜಿನ ಕಣ್ಣು. ಎಲ್ಲರೂ ಹೇಳುವ ಆ ಓರೆ ನೋಟ ಅದರಿಂದಲೇ ಬಂದದ್ದು. ಸೇನೆಗೆ ಸೇರಿಸಿಕೊಳ್ಳಲಿಲ್ಲ, ವ್ಯಾಪಾರಿ ಹಡಗಿನಲ್ಲಿ ಅಡುಗೆಯವರಾಗಿ ಹೋದರು. ಆಮೇಲೆ ಓದಿದರು, 1953ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಸರ್ಕಾರದ ಬಜೆಟ್ ಕಚೇರಿಯಲ್ಲಿ ಕೆಲಸ. ಕೆಲಸ ಎಲ್ಲಿ ಪೋಲಾಗುತ್ತಿದೆ, ಹೇಗೆ ಬೇಗ ಮುಗಿಸಬಹುದು ಎಂದು ಲೆಕ್ಕ ಹಾಕುವ ಹುದ್ದೆ. ಹಗಲು ಕಚೇರಿ, ಸಂಜೆ ಊರಿನ ಹವ್ಯಾಸಿ ನಾಟಕ ತಂಡ.

ಇಲ್ಲಿ ಸ್ವಲ್ಪ ನಿಲ್ಲಿ. ಸಭೆಯಲ್ಲಿ ಕೂತವರನ್ನು ನೋಡಿ. ಹಗಲು ಬ್ಯಾಂಕಿನಲ್ಲೋ ಮಿಲ್ಲಿನಲ್ಲೋ ಹೋಟೆಲಿನಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಮಾಟುಂಗಾದಲ್ಲಿ ನಾಟಕದ ರಿಹರ್ಸಲ್ ಮುಗಿಸಿ ಕೊನೆಯ ಲೋಕಲ್ ಹಿಡಿದು ಮುಲುಂಡ್, ಡೊಂಬಿವಲಿಗೆ ಹೋದವರು ಅಲ್ಲಿ ಕನಿಷ್ಠ ಹತ್ತು ಜನ ಇರುತ್ತಾರೆ. ಅವರಿಗೆ ಈ ಭಾಗ ವಿವರಿಸಿ ಹೇಳಬೇಕಾಗಿಲ್ಲ. ನಾನು ಸುಮ್ನೆ ಹೇಳಿ ಒಂದು ನಿಮಿಷ ನಿಂತೆ, ಒಬ್ಬ ಅಕ್ಕ ಕಣ್ಣು ಒರೆಸಿಕೊಂಡರು. ಅವರ ಯಜಮಾನರು ನಲವತ್ತು ವರ್ಷ ಹಾಗೆ ಬಣ್ಣ ಹಚ್ಚಿದವರು ಎಂದು ಆಮೇಲೆ ತಿಳಿಯಿತು.

ಮುಂದಿನ ಘಟನೆಯನ್ನು ನಾಟಕದ ಹಾಗೆಯೇ ಹೇಳಿ. ವೆಸ್ಟ್‌ಪೋರ್ಟ್ ಎಂಬ ಊರಿನಲ್ಲಿ ಈವಾ ಲ ಗಾಲಿಯೆನ್ ಎಂಬ ದೊಡ್ಡ ರಂಗನಟಿ ವೃತ್ತಿ ಕಲಾವಿದರಿಗೆ ಮಾತ್ರ ತರಗತಿ ನಡೆಸುತ್ತಿದ್ದರು. ಫಾಲ್ಕ್ ತಾನೂ ವೃತ್ತಿನಟ ಎಂದು ಸುಳ್ಳು ಹೇಳಿ ಸೇರಿಕೊಂಡರು. ಕಚೇರಿ ಬಿಟ್ಟು ವಾರಕ್ಕೊಮ್ಮೆ ಹಾರ್ಟ್‌ಫರ್ಡ್‌ನಿಂದ ಕಾರಿನಲ್ಲಿ ಬರಬೇಕು, ಯಾವಾಗಲೂ ತಡ. ಒಂದು ದಿನ ಆಕೆ ಯಾಕೆ ದಿನಾ ತಡ ಎಂದು ಕೇಳಿದರು. ಇವರು ನಿಜ ಒಪ್ಪಿಕೊಂಡರು, ತಾನು ನಟ ಅಲ್ಲ ಎಂದರು. ಆಕೆ, ಅಲ್ಲದಿದ್ದರೆ ಆಗಬೇಕು ಎಂದರು. ಅಷ್ಟೇ. ಫಾಲ್ಕ್ ವಾಪಸ್ ಹೋಗಿ ರಾಜೀನಾಮೆ ಕೊಟ್ಟರು. 1956ರಲ್ಲಿ ನ್ಯೂಯಾರ್ಕಿಗೆ ಬಂದರು, 29ರ ಹತ್ತಿರದ ವಯಸ್ಸು. ಅದೇ ವರ್ಷ ಯೂಜೀನ್ ಓನೀಲ್ ಅವರ 'ದ ಐಸ್‌ಮನ್ ಕಮೆತ್' ನಾಟಕದಲ್ಲಿ ಜೇಸನ್ ರೋಬಾರ್ಡ್ಸ್ ಜೊತೆ ಸಾರಾಯಿ ಅಂಗಡಿಯ ಕೆಲಸಗಾರನ ಪಾತ್ರ ಸಿಕ್ಕಿತು.

ನನಗೆ ಒಂದು ಗಟ್ಟಿ ನಂಬಿಕೆ ಇದೆ, ಸಭೆಯಲ್ಲೂ ಹೇಳಿದೆ. ಆ ಬಜೆಟ್ ಕಚೇರಿಯ ದಿನಗಳು ದಂಡ ಆಗಲಿಲ್ಲ. ಕೊಲಂಬೊ ಕಾಗದ ನೋಡುವ ರೀತಿ, ಚಿಲ್ಲರೆ ಲೆಕ್ಕ ತಾಳೆಯಾಗದಿದ್ದರೆ ಅವನಿಗೆ ನಿದ್ದೆ ಬಾರದಿರುವುದು, ಸಾಹೇಬರ ಮುಂದೆ ಬಗ್ಗಿ ನಿಂತೇ ತನ್ನ ಮಾತು ಬಿಡದಿರುವುದು, ಇದನ್ನೆಲ್ಲ ಕಚೇರಿಯಲ್ಲಿ ಕೂತು ಕೆಲಸ ಮಾಡಿದವನು ಮಾತ್ರ ಹೀಗೆ ಮಾಡಬಲ್ಲ. ಇದು ನನ್ನ ಅಭಿಪ್ರಾಯ. ನೀವು ನೋಡಿ ನಿಮ್ಮದನ್ನು ಕಂಡುಕೊಳ್ಳಿ, ಆದರೆ ಒಂದು ಅಭಿಪ್ರಾಯ ಇಲ್ಲದೆ ವೇದಿಕೆ ಹತ್ತಬೇಡಿ.

ಸಿನಿಮಾ ಮತ್ತು ಪ್ರಶಸ್ತಿಗಳನ್ನು ಐದು ನಿಮಿಷದಲ್ಲಿ ಮುಗಿಸಿ. ಕೊಲಂಬಿಯಾ ಸ್ಟುಡಿಯೋದ ಹ್ಯಾರಿ ಕೋನ್ ಇವರನ್ನು ತಿರಸ್ಕರಿಸುವಾಗ, ಇದೇ ದುಡ್ಡಿಗೆ ಎರಡು ಕಣ್ಣಿರುವ ನಟ ಸಿಗುತ್ತಾನೆ ಎಂದದ್ದನ್ನು ಹೇಳಿ, ಸಭೆಗೆ ಸಿಟ್ಟು ಬರುತ್ತದೆ, ಬರಲಿ. 1960 ಮತ್ತು 1961ರ ಚಿತ್ರಗಳಿಗೆ ಸತತ ಎರಡು ಆಸ್ಕರ್ ನಾಮನಿರ್ದೇಶನ. ಎರಡನೆಯದು ನಿರ್ದೇಶಕ ಫ್ರ್ಯಾಂಕ್ ಕಾಪ್ರಾ ಅವರ ಕೊನೆಯ ಕಥಾಚಿತ್ರ. 1962ರಲ್ಲಿ ಲಾರಿ ಚಾಲಕನ ಪಾತ್ರಕ್ಕೆ ಮೊದಲ ಎಮ್ಮಿ, ಆಮೇಲಿನ ನಾಲ್ಕು ಕೊಲಂಬೊಗೆ. ಕೊಲಂಬೊ 1968ರಿಂದ 2003ರವರೆಗೆ, ನಡುವೆ ಹನ್ನೊಂದು ವರ್ಷ ನಿಂತು, ಒಟ್ಟು 69 ಕಂತು. ಇಷ್ಟು ಸಾಕು.

ಪಾತ್ರ ಹುಟ್ಟಿದ ಕತೆಗೆ ಮಾತ್ರ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಸೃಷ್ಟಿಸಿದವರು ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಎಂಬ ಶಾಲಾ ದಿನಗಳ ಗೆಳೆಯರು. ದಾಸ್ತೊಯೆವ್‌ಸ್ಕಿಯ 'ಕ್ರೈಮ್ ಅಂಡ್ ಪನಿಶ್‌ಮೆಂಟ್' ಕಾದಂಬರಿಯ ತನಿಖಾಧಿಕಾರಿ ಪೊರ್ಫಿರಿ ಪೆಟ್ರೊವಿಚ್ ಅವರಿಗೆ ಪ್ರೇರಣೆ. ಬಾಗಿಲ ತನಕ ಹೋಗಿ ತಿರುಗಿ ಇನ್ನೊಂದೇ ಒಂದು ಮಾತು ಎಂದು ಕೇಳುವ ಆ ಹೆಸರಾಂತ ಅಭ್ಯಾಸ ಬಂದದ್ದು ಟೈಪ್‌ರೈಟರ್‌ನಿಂದ. ನಾಟಕ ಬರೆಯುವಾಗ ಒಂದು ದೃಶ್ಯ ಚಿಕ್ಕದಾಯಿತು, ಪಾತ್ರ ಆಗಲೇ ಹೊರಗೆ ಹೋಗಿಯಾಗಿದೆ, ಇಡೀ ಪುಟ ಮತ್ತೆ ಟೈಪ್ ಮಾಡುವ ಬದಲು ಅವನನ್ನೇ ವಾಪಸ್ ಕರೆದರು. ಟೀವಿ ಚಿತ್ರ ಮಾಡುವಾಗ ಫಾಲ್ಕ್ ಅವರಿಗಿಂತ ಮೊದಲು ಹಾಡುಗಾರ ನಟ ಬಿಂಗ್ ಕ್ರಾಸ್ಬಿಯನ್ನು ಕೇಳಿದ್ದರು. ಅವರು ಒಪ್ಪಲಿಲ್ಲ, ಪಾತ್ರ ಫಾಲ್ಕ್ ಅವರಿಗೆ ಬಂತು. ಆ ಮುದುಡಿದ ಕೋಟು ಫಾಲ್ಕ್ ಅವರದೇ, ಒಂದು ದಿನ ನ್ಯೂಯಾರ್ಕಿನಲ್ಲಿ ಮಳೆಗೆ ಸಿಕ್ಕಿ ಕೊಂಡದ್ದು. ಹಳೆಯ ಪೂಜೋ 403 ಕಾರನ್ನೂ ಅವರೇ ಆರಿಸಿದರು.

ಓದಿದ್ದನ್ನೆಲ್ಲ ಹಾಗೇ ನಂಬಬೇಡಿ ಎನ್ನುವುದಕ್ಕೆ ಈ ಸರಣಿಯಲ್ಲೇ ಒಳ್ಳೆಯ ಉದಾಹರಣೆ ಇದೆ. ಕೊಲಂಬೊನ ಮೊದಲ ಹೆಸರು ಏನು? ಯಾವ ಕಂತಿನಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ರೆಡ್ ವರ್ತ್ ಎಂಬ ಲೇಖಕ ತನ್ನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ, ಯಾರಾದರೂ ಕದ್ದರೆ ಸಿಕ್ಕಿಬೀಳಲಿ ಎಂದು, ಫಿಲಿಪ್ ಎಂದು ಬೇಕೆಂದೇ ಸುಳ್ಳು ಸೇರಿಸಿದ್ದ. ಟ್ರಿವಿಯಲ್ ಪರ್ಸ್ಯೂಟ್ ಎಂಬ ಆಟದ ಪ್ರಶ್ನೆಗಳಲ್ಲಿ ಅದೇ ಫಿಲಿಪ್ ಬಂದಾಗ 1984ರಲ್ಲಿ 30 ಕೋಟಿ ಡಾಲರ್ ಕೇಳಿ ದಾವೆ ಹಾಕಿದ. ಸಂಗತಿಗಳಿಗೆ ಯಾರದೂ ಹಕ್ಕಿಲ್ಲ ಎಂದು ಸೋತ. ಆ ಫಿಲಿಪ್ ಮಾತ್ರ ಎಷ್ಟೋ ಕಡೆ ನಿಜ ಎಂದೇ ಓಡಾಡಿತು. ಗುರುತಿನ ಚೀಟಿಯನ್ನು ಹತ್ತಿರದಿಂದ ತೋರಿಸಿದ ಕಡೆ ಕಾಣುವುದು ಫ್ರ್ಯಾಂಕ್. ಹಾಗಾಗಿ ತೆರೆಯ ಮೇಲೆ ನೋಡಬಹುದಾದದ್ದನ್ನು ನೀವೇ ನಿಲ್ಲಿಸಿ ನೋಡಿ. ಬದುಕಿನ ಸಂಗತಿಗಳನ್ನು ಒಂದರಿಂದ ಒಂದು ನಕಲು ಮಾಡದ ಎರಡು ಕಡೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಕನ್ನಡದಲ್ಲಿ ಹೇಳುವಾಗ ಒಂದು ಅನುಕೂಲ ಇದೆ, ಬಳಸಿಕೊಳ್ಳಿ. ನಟನಿಗೆ ಅವರು, ಪಾತ್ರಕ್ಕೆ ಅವನು. ಮೊದಲ ಸಲ ನಾನು ಇದನ್ನು ಪಾಲಿಸಲಿಲ್ಲ, ಕೆಲವರು ಫಾಲ್ಕ್ ಅವರೇ ಪೊಲೀಸ್ ಇಲಾಖೆಯಲ್ಲಿದ್ದರು ಎಂದು ತಿಳಿದುಕೊಂಡರು. ಕೊಲಂಬೊ ಮಾತುಮಾತಿಗೆ ತನ್ನ ಹೆಂಡತಿಯ ವಿಷಯ ತೆಗೆಯುತ್ತಾನಲ್ಲ, ಅದನ್ನು 'ನನ್ನ ಪತ್ನಿ' ಎಂದರೆ ಸತ್ತುಹೋಗುತ್ತದೆ. 'ನಮ್ಮನೆಯವ್ಳು ನಿಮ್ಮ ದೊಡ್ಡ ಅಭಿಮಾನಿ ಸಾರ್' ಎಂದರೆ ಸಭೆ ತಕ್ಷಣ ಹಿಡಿದುಕೊಳ್ಳುತ್ತದೆ.

ಇಡೀ ಕಂತು ಸಭೆಯಲ್ಲಿ ಹಾಕಲು ಹಕ್ಕು ಇರುವವರ ಒಪ್ಪಿಗೆ ಬೇಕು, ಮನೆಯ ಚಂದಾದಾರಿಕೆ ಸಾಲದು. ಹಾಗಾಗಿ ನಾವು ಒಂದು ದೃಶ್ಯವನ್ನು ತಾಳಮದ್ದಳೆ ತರಹ ಕೂತು ಆಡಿದೆವು. ಈ ಸಂಜೆಯ ಜೀವ ಇದೇ, ಬಿಡಬೇಡಿ. ಆರಿಸಿದ್ದು 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್', 1973ರ ಆ ಕಂತು, ದ್ರಾಕ್ಷಾರಸದ ಕತೆ. ಏಡ್ರಿಯನ್ ಕಾರ್ಸಿನಿ ದ್ರಾಕ್ಷಾರಸ ಬಿಟ್ಟರೆ ಬೇರೆ ಪ್ರಪಂಚ ಇಲ್ಲದ ಮನುಷ್ಯ, ಡೊನಾಲ್ಡ್ ಪ್ಲೆಸೆನ್ಸ್ ಮಾಡಿದ್ದಾರೆ. ಮಲತಮ್ಮ ದ್ರಾಕ್ಷಿ ತೋಟ ಮಾರಲು ಹೊರಟಾಗ ಅವನನ್ನು ಹೊಡೆದು, ಕಟ್ಟಿ, ನೆಲಮಾಳಿಗೆಯಲ್ಲಿ ಕೂಡಿಹಾಕಿ, ಏಸಿ ನಿಲ್ಲಿಸಿ ನ್ಯೂಯಾರ್ಕಿಗೆ ಹೋಗುತ್ತಾನೆ. ಆ ದಿನಗಳಲ್ಲೇ ಒಂದು ದಿನ ವಿಪರೀತ ಸೆಖೆ. ತಮ್ಮ ಸತ್ತ. ಜೊತೆಗೆ ಕಾರ್ಸಿನಿ ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದ ಬಾಟಲಿಗಳೂ ಕೆಟ್ಟವು. ಕೊಲಂಬೊ ಆ ಮಾಳಿಗೆಯಿಂದ ಎತ್ತಿದ ಬಾಟಲಿಯನ್ನೇ ಹೋಟೆಲಿನಲ್ಲಿ ಅವನ ಮುಂದೆ ಬಡಿಸುವಂತೆ ಮಾಡುತ್ತಾನೆ. ಕಾರ್ಸಿನಿ ಒಂದು ಗುಟುಕು ಕುಡಿದು, ಇದು ಸೆಖೆಗೆ ಕೆಟ್ಟಿದೆ ಎಂದು ಸಿಟ್ಟಾಗುತ್ತಾನೆ. ಲೋಕದಲ್ಲಿ ಅಷ್ಟು ಸೂಕ್ಷ್ಮ ನಾಲಿಗೆ ಇನ್ಯಾರಿಗೂ ಇಲ್ಲ. ಅವನ ವಿದ್ಯೆಯೇ ಅವನ ಮೇಲೆ ಸಾಕ್ಷಿ ಹೇಳಿತು. ಮೇ ತಿಂಗಳ ಮುಂಬೈಯಲ್ಲಿ ಕೂತವರಿಗೆ ಸೆಖೆಗೆ ಪದಾರ್ಥ ಕೆಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅದಕ್ಕೇ ಈ ಕತೆ ಇಲ್ಲಿ ಚೆನ್ನಾಗಿ ಹಿಡಿಯಿತು.

ಆಡಲು ಇಬ್ಬರು ಸಾಕು. ಬರೆದ ಸಂಭಾಷಣೆ ಕೊಡಬೇಡಿ. ಕತೆಯ ಎಳೆ, ಬಿಡಬಾರದ ನಾಲ್ಕು ಪ್ರಶ್ನೆ, ಇಷ್ಟು ಕೊಟ್ಟು ಅವರೇ ಅರ್ಥ ಹೇಳಲಿ. ಕಾರ್ಸಿನಿ ಪಾತ್ರಕ್ಕೆ ಒಳ್ಳೆಯ ಮಾತುಗಾರ ಬೇಕು, ಕೊಲಂಬೊ ಪಾತ್ರಕ್ಕೆ ಚೆನ್ನಾಗಿ ಕೇಳಿಸಿಕೊಳ್ಳುವವರು. ನಾವು ಮೊದಲು ಉಲ್ಟಾ ಮಾಡಿದ್ದೆವು. ಮಾತುಗಾರರನ್ನೇ ಪತ್ತೇದಾರ ಮಾಡಿದೆವು, ಅವರು ಎದುರಾಳಿಗೆ ಬಾಯಿ ಬಿಡಲು ಅವಕಾಶವೇ ಕೊಡಲಿಲ್ಲ. ಕೊಲೆಗಾರ ಮಾತಾಡದೆ ಸಿಕ್ಕಿಬೀಳುವುದು ಹೇಗೆ? ಅಭ್ಯಾಸದಲ್ಲೇ ಗೊತ್ತಾದದ್ದರಿಂದ ಅದಲು ಬದಲು ಮಾಡಿದೆವು. ಕೊನೆಯಲ್ಲಿ ಬಂಧಿಸಿ ಕರೆದೊಯ್ಯುವಾಗ ಇಬ್ಬರೂ ಕಾರಿನಲ್ಲಿ ಕೂತು ಒಂದು ಒಳ್ಳೆಯ ದ್ರಾಕ್ಷಾರಸ ಹಂಚಿಕೊಳ್ಳುತ್ತಾರೆ, ಅದನ್ನು ಬಿಡಬೇಡಿ. ನಮ್ಮಲ್ಲಿ ಎರಡು ಲೋಟ ಫಿಲ್ಟರ್ ಕಾಫಿ ಇಟ್ಟೆವು.

ದಿನ ಗೊತ್ತು ಮಾಡುವ ಮೊದಲು ಭಾನುವಾರದ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವುದು) ಯಾವ ಲೈನಿನಲ್ಲಿದೆ ನೋಡಿ. ಸಂಜೆ ಐದಕ್ಕೆ ಶುರು, ಏಳಕ್ಕೆ ಮೊದಲು ಮುಗಿಯಬೇಕು. ದೂರದವರಿಗೆ ಮಾಟುಂಗಾದಿಂದ ಸ್ಲೋ ಹಿಡಿದು ದಾದರ್‌ನಲ್ಲೋ ಕುರ್ಲಾದಲ್ಲೋ ಬದಲಿಸುವುದಿರುತ್ತದೆ.

ಕೊನೆಯ ವರ್ಷಗಳನ್ನು ಹೇಗೆ ಹೇಳುವುದು ಎಂದು ಬಹಳ ಯೋಚಿಸಿದೆ. ಫಾಲ್ಕ್ ಅವರಿಗೆ ಆಲ್ಝೈಮರ್ ಆಗಿತ್ತು, 2011ರ ಜೂನ್ 23ರಂದು ಬೆವರ್ಲಿ ಹಿಲ್ಸ್‌ನಲ್ಲಿ 83ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೇ ಹೇಳಿ. ಸಭೆಯಲ್ಲಿ ಕೂತವರಲ್ಲಿ ಎಷ್ಟೋ ಜನರ ಮನೆಯಲ್ಲಿ ಮರೆವಿನ ಕಾಯಿಲೆಯ ಅಪ್ಪ ಅಮ್ಮ ಇದ್ದಾರೆ. ಆ ದಿನಗಳ ವಿವರ ಅವರಿಗೆ ಬೇಡ. ಅದರ ಬದಲು ಅವರು ಇದ್ದಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದುದನ್ನು ಹೇಳಿ. ಬರ್ಲಿನ್‌ನ ಆ ಸಿನಿಮಾ 'ವಿಂಗ್ಸ್ ಆಫ್ ಡಿಸೈರ್'ನಲ್ಲೂ ಅವರು ಪೀಟರ್ ಫಾಲ್ಕ್ ಆಗಿಯೇ ಬಂದು ಚಿತ್ರ ಬಿಡಿಸುತ್ತಾರೆ. ಅಲ್ಲಿ ಅವರು ಹಿಂದೆ ದೇವದೂತನಾಗಿದ್ದು, ಮನುಷ್ಯನಾಗಲು ಇಷ್ಟಪಟ್ಟು ಕೆಳಗಿಳಿದವರು. ಚಳಿಯಲ್ಲಿ ಕಾಫಿ ಅಂಗಡಿಯ ಹತ್ತಿರ ನಿಂತು, ಕಣ್ಣಿಗೆ ಕಾಣದ ಇನ್ನೊಬ್ಬ ದೇವದೂತನಿಗೆ ಬಿಸಿ ಕಾಫಿಯ ಸುಖ ವರ್ಣಿಸುತ್ತಾರೆ, ಕೈ ಕೈ ಉಜ್ಜಿಕೊಳ್ಳುವುದು ಎಷ್ಟು ಹಿತ ಎನ್ನುತ್ತಾರೆ, ಗಾಳಿಯತ್ತ ಕೈಚಾಚುತ್ತಾರೆ.

ಆಮೇಲೆ ಪ್ರಶ್ನೆಗೆ ಹದಿನೈದು ನಿಮಿಷ ಇಡಿ. ಎರಡೂ ಕಡೆ ಮೊದಲು ಬಂದ ಪ್ರಶ್ನೆ ಒಂದೇ: ಕೊಲಂಬೊ ಮಾತುಮಾತಿಗೆ ಹೇಳುವ ಆ ಹೆಂಡತಿ ಕೊನೆಗಾದರೂ ತೆರೆಯ ಮೇಲೆ ಬರುತ್ತಾಳಾ? ಇಲ್ಲ, 69 ಕಂತಿನಲ್ಲಿ ಒಮ್ಮೆಯೂ ಇಲ್ಲ.